ಫರ್ಸಿ ಮೇಲಿನ ಹೃದಯ

ನಮ್ಮ ಕಾಲೇಜಿನ ಬಯಾಲಜಿ ಲ್ಯಾಬಿನಲ್ಲಿ ಹೃದಯದ ಒಂದು ಚಾರ್ಟ್ ಇದೆ. ಪ್ಲಾಸ್ಟಿಕ್ ಹೊದಿಸಿದ್ದು, ಮೇಲೆ ಕೆಳಗೆ ಪಟ್ಟಿ ಬಡಿದಿದ್ದು. ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ನಾನು ಕಲಬುರಗಿ ಜಿಲ್ಲೆಯ ಸೇಡಂಗೆ ವರ್ಗವಾಗಿ ಬರುವ ಮೊದಲೇ ಅದು ಅಲ್ಲಿ ನೇತಾಡುತ್ತಿತ್ತು. ಎಷ್ಟೋ ಬ್ಯಾಚಿನ ಮಕ್ಕಳು ಅದನ್ನು ನೋಡಿಕೊಂಡು ಪಾಸಾಗಿ ಹೋಗಿದ್ದಾರೆ. ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ಹಿಂದಕ್ಕೆ ಯಾಕೆ ಹೋಗುವುದಿಲ್ಲ ಅಂತ ಕೇಳಿದರೆ ಒಮ್ಮೆ ಚಾರ್ಟ್ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ.

ಚಿತ್ರ ತೋರಿಸಿ ಪಾಠ ಮಾಡಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ ಅನ್ನುವುದು ಈಗ ಎಲ್ಲರ ಬಾಯಲ್ಲೂ ಇರುವ ಮಾತು. ತರಬೇತಿಗೆ ಹೋದಾಗಲೆಲ್ಲ ಕೇಳುತ್ತೇನೆ. ಮಾತು ಸುಳ್ಳಲ್ಲ, ಆದರೆ ಅರ್ಧ. ತೋರಿಸಿದ್ದು ಕಣ್ಣಿಗೆ ಬೀಳುತ್ತದೆ. ತಲೆಗೆ ಇಳಿಯುವುದು ಬೇರೆ ಲೆಕ್ಕ. ಮಕ್ಕಳು ಕೈ ಹಾಕಿ ಕೆಡಿಸಬಹುದಾದ ಚಿತ್ರ ಇದ್ದರೆ ಮಾತ್ರ ಪಾಠ ಮುಂದಕ್ಕೆ ಹೋಗುತ್ತದೆ ಅಂತ ನನಗೆ ಅನಿಸುತ್ತದೆ. ಅಳಿಸಬೇಕು, ತಿದ್ದಬೇಕು, ಇಲ್ಲಿ ತೂತು ಬಿದ್ದರೆ ಏನಾಗುತ್ತದೆ ಅಂತ ಕೇಳಬೇಕು. ಪ್ಲಾಸ್ಟಿಕ್ ಚಾರ್ಟಿನ ಹತ್ತಿರ ಇದು ನಡೆಯುವುದಿಲ್ಲ. ಚಾಕ್‌ಪೀಸ್ ಹತ್ತಿರ ನಡೆಯುತ್ತದೆ.

ಸೇಡಂನಲ್ಲಿ ಇದಕ್ಕೊಂದು ಅನುಕೂಲ ಇದೆ. ನಮ್ಮದು ಫರ್ಸಿ ಊರು. ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ನೆಲ ಅಗೆದರೆ ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಮನೆ, ಅಂಗಡಿ, ಗುಡಿ, ಕಾಲೇಜಿನ ವರಾಂಡ, ಎಲ್ಲ ಕಡೆ ಅದೇ ಹಾಸು. ಬೂದು ಬಣ್ಣ. ಚಾಕ್‌ಪೀಸಿನಲ್ಲಿ ಗೀಚಿದರೆ ಎದ್ದು ಕಾಣುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ. ಸ್ಮಾರ್ಟ್ ಬೋರ್ಡಿನ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ ನೋಡಿ.

ಮೊದಲು ನನ್ನ ಮಕ್ಕಳ ವಿಷಯ ಹೇಳಬೇಕು. ಫಸ್ಟ್ ಪಿಯುಗೆ ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹೈಸ್ಕೂಲಿನವರು. ಎಸ್ಸೆಸ್ಸೆಲ್ಸಿ ತನಕ ಹೃದಯದ ಮೇಲಿನ ಕೋಣೆಗೆ ಹೃತ್ಕರ್ಣ, ಕೆಳಗಿನದಕ್ಕೆ ಹೃತ್ಕುಕ್ಷಿ, ರಕ್ತ ಹೊರಗೆ ಒಯ್ಯುವ ನಾಳಕ್ಕೆ ಅಪಧಮನಿ ಅಂತ ಓದಿರುತ್ತಾರೆ. ಇಲ್ಲಿ ಬಂದ ಕೂಡಲೇ ಏಟ್ರಿಯಂ, ವೆಂಟ್ರಿಕಲ್, ಆರ್ಟರಿ. ಮೊದಲ ಕೆಲವು ತಿಂಗಳು ಬಾಯಿ ಬಿಡುವುದಿಲ್ಲ. ಗೊತ್ತಿಲ್ಲ ಅಂತಲ್ಲ, ಹೇಳಲು ಇಂಗ್ಲಿಷ್ ಬರುವುದಿಲ್ಲ ಅಂತ. ಚಿತ್ರ ಇದ್ದರೆ ಬೆರಳು ಇಟ್ಟು "ಇದು ಇದಕ್ಕ ಹೋಗ್ತದ್ರಿ ಸರ್" ಅಂದರೂ ಸಾಕು. ಮಾತು ಶುರುವಾಯಿತು ಅಂತ ಲೆಕ್ಕ. ಹೆಸರು ಆಮೇಲೆ ಕಲಿತರಾಯಿತು.

ಫರ್ಸಿಗೆ ಇಳಿಯುವ ಮೊದಲು ನೋಟ್‌ಬುಕ್ಕಿನ ಕೊನೆಯ ಹಾಳೆ. ಪುಸ್ತಕ ಮುಚ್ಚಿಸಿ, ಚಾರ್ಟ್ ಗೋಡೆ ಕಡೆ ತಿರುಗಿಸಿ, "ನಿಮ್ಮ ತಲೆಯೊಳಗೆ ಹೃದಯ ಹೇಗಿದೆಯೋ ಹಾಗೆ ಬರೀರಿ, ಮಾರ್ಕ್ಸ್ ಇಲ್ಲ" ಅನ್ನುತ್ತೇನೆ. ಆಗ ಬರುವ ಚಿತ್ರಗಳೇ ನನಗೆ ಬೇಕಾದದ್ದು. ಕೆಲವರದು ಇಸ್ಪೀಟ್ ಎಲೆಯ ಹೃದಯ. ಕೆಲವರದು ನಾಲ್ಕು ಚೌಕ, ನಡುವೆ ಎಲ್ಲೂ ಬಾಗಿಲೇ ಇಲ್ಲ. ಬಹಳ ಜನ ಒಂದು ಪೈಪು ಒಳಗೆ, ಒಂದು ಪೈಪು ಹೊರಗೆ ಬರೆದಿರುತ್ತಾರೆ. ಶ್ವಾಸಕೋಶ ಇರುವುದೇ ಇಲ್ಲ. ಹತ್ತನೇ ತರಗತಿಯಲ್ಲಿ ಇದೇ ಚಿತ್ರಕ್ಕೆ ಲೇಬಲ್ ಹಾಕಿ ಪೂರ್ತಿ ಅಂಕ ತೆಗೆದುಕೊಂಡವರು ಇವರು. ಕಣ್ಣು ನಕಲು ಮಾಡಿತ್ತು, ಅಷ್ಟೇ.

ಆಮೇಲೆ ವರಾಂಡಕ್ಕೆ. ಕೋಣೆ ನಾಲ್ಕು, ಎತ್ತಿನ ಗಾಡಿ ನಿಲ್ಲುವಷ್ಟು ಜಾಗದಲ್ಲಿ. ಬರೆಯುವವರು ಅವರೇ. ಮೊದಲ ಜಗಳ ಎಡ ಬಲದ್ದು. ಪುಸ್ತಕದಲ್ಲಿ ಎಡ ಹೃತ್ಕುಕ್ಷಿ ನಮ್ಮ ಬಲಗಡೆ ಇರುತ್ತದೆ ಅಲ್ವಾ, ಅದು ಯಾಕೆ ಅಂತ ಯಾರೂ ಕೇಳಿರುವುದಿಲ್ಲ. ಒಬ್ಬ ಹುಡುಗನನ್ನು ಚಿತ್ರದ ಪಕ್ಕದಲ್ಲಿ ಅಂಗಾತ ಮಲಗಿಸಿ, ಅವನ ಕಾಲ ಕಡೆ ಎಲ್ಲರೂ ನಿಂತು ನೋಡಿದರೆ ಗಲಾಟೆ ಮುಗಿಯುತ್ತದೆ. ಅವನ ಎಡಗೈ ಯಾವ ಕಡೆ ಇದೆಯೋ ಹೃದಯದ ಎಡವೂ ಆ ಕಡೆ.

ಈಗ ಶೇಂಗಾ. ಇದು ಈ ಪಾಠದ ಜೀವ. ನೀಲಿ ಕೆಂಪು ಬಣ್ಣದ ಬದಲು ನಾನು ಶೇಂಗಾ ಬೀಜ ತರುತ್ತೇನೆ. ಒಂದು ಬೀಜ ಅಂದರೆ ಒಂದು ಆಮ್ಲಜನಕ. ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕ ಹೊರುತ್ತದೆ. ಆದ್ದರಿಂದ ರಕ್ತವಾಗಿ ನಡೆಯುವ ಪ್ರತಿ ಮಗುವಿನ ಕೈಯಲ್ಲಿ ಗರಿಷ್ಠ ನಾಲ್ಕು ಬೀಜ. ಶ್ವಾಸಕೋಶದಲ್ಲಿ ಇಬ್ಬರು ಬೀಜದ ತಟ್ಟೆ ಹಿಡಿದು ನಿಲ್ಲುತ್ತಾರೆ. ವರಾಂಡದ ಆ ತುದಿಯಲ್ಲಿ ಒಬ್ಬ ಸ್ನಾಯು. ಕವಾಟದ ಹತ್ತಿರ ಇಬ್ಬಿಬ್ಬರು ಕೈ ಅಡ್ಡ ಹಿಡಿದು ನಿಲ್ಲುತ್ತಾರೆ. ಮುಂದಕ್ಕೆ ಬಂದವರಿಗೆ ಕೈ ತೆರೆಯಬೇಕು, ಹಿಂದಕ್ಕೆ ತಿರುಗಿದವರಿಗೆ ಕೈ ಮುಚ್ಚಬೇಕು. ಮುಚ್ಚಿದಾಗ ಚಪ್ಪಾಳೆ. ಮೇಲಿನ ಕೋಣೆ ಕೆಳಗಿನ ಕೋಣೆ ನಡುವಿನ ಕವಾಟ ಮುಚ್ಚಿದರೆ ಲಬ್, ಹೊರಗೆ ಹೋಗುವ ದಾರಿಯ ಕವಾಟ ಮುಚ್ಚಿದರೆ ಡಬ್. ಹೃದಯದ ಸದ್ದು ಕವಾಟ ಮುಚ್ಚುವ ಸದ್ದು ಅಂತ ಪುಸ್ತಕದಲ್ಲಿ ಒಂದು ಸಾಲು ಇದೆ. ಇಲ್ಲಿ ಅದು ಅಂಗೈ ಕೆಂಪಾಗುವಷ್ಟು ಗೊತ್ತಾಗುತ್ತದೆ.

ನಿಯಮ ಒಂದೇ. ಸುಮ್ನೆ ನಿಂತಿರುವ ದೇಹ ಅಂದುಕೊಂಡರೆ ಸ್ನಾಯುವಿಗೆ ಒಂದು ಬೀಜ ಕೊಡಬೇಕು, ಮೂರು ಉಳಿಸಿಕೊಂಡು ವಾಪಸ್ ಬರಬೇಕು. ಮಕ್ಕಳಿಗೆ ಇಲ್ಲೇ ಆಶ್ಚರ್ಯ. "ಡೀ ಆಕ್ಸಿಜನೇಟೆಡ್ ಅಂದ್ರ ಖಾಲಿ ಅಲ್ಲೇನ್ರಿ ಸರ್?" ಅಲ್ಲ. ವಿಶ್ರಾಂತಿಯಲ್ಲಿ ವಾಪಸ್ ಬರುವ ರಕ್ತದಲ್ಲೂ ಹಿಮೋಗ್ಲೋಬಿನ್ನಿನ ಸುಮಾರು 75 ಪರ್ಸೆಂಟ್ ಜಾಗ ತುಂಬಿಯೇ ಇರುತ್ತದೆ. 100 ಮಿಲಿ ರಕ್ತ ಅಂಗಾಂಶಕ್ಕೆ 5 ಮಿಲಿ ಆಮ್ಲಜನಕ ಕೊಡುತ್ತದೆ ಅನ್ನುವ ಸಾಲನ್ನು ನೀಟ್‌ಗಾಗಿ ಎಲ್ಲರೂ ಉರು ಹೊಡೆಯುತ್ತಾರೆ. ಆ ರಕ್ತ ಹೊತ್ತು ತಂದದ್ದು ಸುಮಾರು 20 ಮಿಲಿ. ನಾಲ್ಕರಲ್ಲಿ ಒಂದು. ಶೇಂಗಾ ಲೆಕ್ಕ ಸರಿಯಾಗಿ ಕೂರುತ್ತದೆ. ಈಗ ಸ್ನಾಯು ಓಡುತ್ತಿದೆ ಅನ್ನಿ. ಎರಡು, ಮೂರು ಬೀಜ ಕೊಡಬಹುದು. ಉಳಿಸಿಕೊಂಡದ್ದು ಯಾಕೆ ಅಂತ ಆಗ ತಿಳಿಯುತ್ತದೆ.

ಒಂದು ಬ್ಯಾಚಿನಲ್ಲಿ ಸ್ನಾಯುವಾಗಿ ನಿಂತಿದ್ದ ಹುಡುಗನ ಹತ್ತಿರ ಕೊನೆಗೆ ಒಂದು ಬೀಜವೂ ಇರಲಿಲ್ಲ. ಎಲ್ಲಿ ಹೋಯಿತು ಅಂತ ಕೇಳಿದೆ.

"ಸೆಲ್ಯುಲರ್ ರೆಸ್ಪಿರೇಷನ್ ಆಯ್ತ್ರಿ ಸರ್" ಅಂದ, ಬಾಯಿ ಒರೆಸಿಕೊಳ್ಳುತ್ತಾ. ಜೀವಕೋಶ ಆಮ್ಲಜನಕ ಬಳಸಿಕೊಳ್ಳುವುದಕ್ಕೆ ಹೆಸರು ಅದೇ. ಪೂರ್ತಿ ಸರಿಯಾದ ಉತ್ತರ.

ಬಣ್ಣ ಯಾಕೆ ಬಿಟ್ಟೆ ಅಂದರೆ, ರಕ್ತನಾಳದಲ್ಲಿ ನೀಲಿ ರಕ್ತ ಹರಿಯುತ್ತದೆ ಅಂತ ನಿಜವಾಗಿ ನಂಬಿದವರು ಪ್ರತಿ ವರ್ಷ ಸಿಗುತ್ತಾರೆ. ಚಾರ್ಟಿನಲ್ಲಿ ನೀಲಿ ಇದೆ, ಕೈ ಮೇಲಿನ ರಕ್ತನಾಳ ನೋಡಿದರೂ ನೀಲಿ. ಎರಡು ಸಾಕ್ಷಿ ಇದ್ದ ಮೇಲೆ ನಂಬದೆ ಏನು ಮಾಡುತ್ತಾರೆ? ನಾನು ಕೇಳುವುದು ಇಷ್ಟೇ. ಆಸ್ಪತ್ರೆಯಲ್ಲಿ ಮೊಣಕೈ ಹತ್ತಿರ ಸೂಜಿ ಚುಚ್ಚಿ ರಕ್ತ ತೆಗೆದಾಗ ಸಿರಿಂಜಿನಲ್ಲಿ ಯಾವ ಬಣ್ಣ ಇತ್ತು? ಅದು ಅಭಿಧಮನಿಯ, ಅಂದರೆ ಹೃದಯಕ್ಕೆ ವಾಪಸ್ ಹೋಗುವ ನಾಳದ ರಕ್ತ. ಕಡುಗೆಂಪು. ನೀಲಿ ಕಾಣುವುದು ಚರ್ಮದ ಮೂಲಕ ಬೆಳಕು ಹೋಗಿ ಬರುವ ರೀತಿಯಿಂದ. ಪಲ್ಮನರಿ ಆರ್ಟರಿಯ ಗೊಂದಲವೂ ಇದೇ ಬಣ್ಣದ ಕೂಸು. ಆರ್ಟರಿ ಅಂದರೆ ಕೆಂಪು ಅಂತ ಕಲಿತವರಿಗೆ ಶ್ವಾಸಕೋಶಕ್ಕೆ ಹೋಗುವ ನಾಳ ನೀಲಿ ಕಂಡರೆ ತಲೆ ಕೆಡುತ್ತದೆ. ಫರ್ಸಿ ಮೇಲೆ ನಡೆದವರಿಗೆ ಹೃದಯದಿಂದ ಹೊರಗೆ ಕಾಲಿಟ್ಟರೆ ಅಪಧಮನಿ, ಒಳಗೆ ಕಾಲಿಟ್ಟರೆ ಅಭಿಧಮನಿ. ಕೈಯಲ್ಲಿ ಎಷ್ಟು ಬೀಜ ಇದ್ದರೂ ಅಷ್ಟೇ.

ಕೆಡಿಸಬಹುದಾದ ಚಿತ್ರ ಅಂದೆನಲ್ಲ, ಅದರ ಬೆಲೆ ಗೊತ್ತಾಗಿದ್ದು ಒಬ್ಬ ಹುಡುಗಿಯ ಪ್ರಶ್ನೆಯಿಂದ. ಎಲ್ಲ ಮುಗಿದು ಮಕ್ಕಳು ಬೀಜ ತಿನ್ನುತ್ತಿದ್ದರು. ಅವಳು ಮೆಲ್ಲಗೆ ಬಂದು ಕೇಳಿದಳು. "ಸರ್, ನಮ್ಮ ಅಕ್ಕನ ಮಗಳಿಗೆ ಹಾರ್ಟಿನ್ಯಾಗ ತೂತು ಅದ ಅಂದಾರ್ರಿ. ತೂತು ಅಂದ್ರ ರಕ್ತ ಹೊರಗ ಸೋರ್ತದೇನ್ರಿ?" ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ತೋರಿಸಲು ಹೋಗಿ ಬಂದಿದ್ದರಂತೆ.

ಉತ್ತರ ಹೇಳುವ ಬದಲು ಎರಡು ಹೃತ್ಕುಕ್ಷಿಗಳ ನಡುವಿನ ಗೆರೆ ತೋರಿಸಿ, "ತೂತು ಈ ಗೋಡೆಯಲ್ಲಿ ನೋಡವ್ವ, ನೀನೇ ಅಳಿಸು" ಅಂದೆ. ಪಾದದಿಂದ ಒಂದು ಗೇಣಿನಷ್ಟು ಗೆರೆ ಉಜ್ಜಿದಳು. ಎಲ್ಲರೂ ಮತ್ತೆ ನಿಂತರು. ರಕ್ತ ಯಾವ ಕಡೆಯಿಂದ ಯಾವ ಕಡೆಗೆ ನುಗ್ಗುತ್ತದೆ? ಎರಡೂ ಕಡೆ ಅಂದರು ಕೆಲವರು. ಬಲದಿಂದ ಎಡಕ್ಕೆ ಅಂದರು ಕೆಲವರು. ಎಡ ಹೃತ್ಕುಕ್ಷಿ ಒತ್ತಿದಾಗ ಒತ್ತಡ ಸುಮಾರು 120, ಬಲದ್ದು ಸುಮಾರು 25, ಈಗ ಹೇಳಿ ಅಂದೆ. ಎಡಗಡೆಯವರು ನಾಲ್ಕು ಬೀಜ ಹಿಡಿದುಕೊಂಡೇ ತೂತಿನಲ್ಲಿ ನುಸುಳಿ ಬಲಕ್ಕೆ ಬಂದರು. ಅಲ್ಲಿಂದ ಮತ್ತೆ ಶ್ವಾಸಕೋಶಕ್ಕೆ. ತಟ್ಟೆ ಹಿಡಿದಿದ್ದ ಹುಡುಗ ಸಿಟ್ಟಾದ. "ಇವರ ಕೈ ಆಗಲೇ ತುಂಬ್ಯಾದ್ರಿ, ಮತ್ಯಾಕ ಬಂದಾರ ಇಲ್ಲಿ?"

ಅದೇ ಕಾಯಿಲೆ. ಶ್ವಾಸಕೋಶದಲ್ಲಿ ನೂಕುನುಗ್ಗಲು, ದೇಹದ ಕಡೆ ಸಾಲು ಸಣ್ಣದು. ಅಂಥ ಮಗು ಯಾಕೆ ಜೋರಾಗಿ ಉಸಿರಾಡುತ್ತದೆ, ಹಾಲು ಕುಡಿಯುವಾಗ ಯಾಕೆ ಬೇಗ ಸುಸ್ತಾಗುತ್ತದೆ, ತೂಕ ಯಾಕೆ ಏರುವುದಿಲ್ಲ ಅಂತ ಅವರೇ ಸೇರಿಸಿ ಹೇಳಿದರು. ಸಣ್ಣ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಅಂತ ನಾನು ಸೇರಿಸಿದೆ. ಇದು ಫಸ್ಟ್ ಪಿಯು ಸಿಲಬಸ್‌ನಲ್ಲಿ ಇಲ್ಲ. ಆದರೆ ಸಿಲಬಸ್ ಅರ್ಥವಾಗಿದೆಯೋ ಇಲ್ಲವೋ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಪರೀಕ್ಷೆ ನನಗೆ ಗೊತ್ತಿಲ್ಲ.

ಮರುದಿನ ಆಡಿನ ಹೃದಯ. ಮಟನ್ ಅಂಗಡಿಯವರ ಮಗನೊಬ್ಬ ನಮ್ಮಲ್ಲಿ ಓದುತ್ತಿದ್ದ. ಹಿಂದಿನ ಬೆಂಚು, ಮೌನ. ಅವತ್ತು ಮಾತ್ರ ಅವನೇ ಮೇಷ್ಟ್ರು. ಬ್ಲೇಡ್ ಎಲ್ಲಿ ಇಡಬೇಕು ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಎರಡು ಭಾಗ ಮಾಡಿ ಇಟ್ಟಾಗ ಎಡಗೋಡೆ ಬಲಗೋಡೆಗಿಂತ ಎಷ್ಟು ದಪ್ಪ ಅಂತ ಬೆರಳಿನಿಂದ ಒತ್ತಿ ತೋರಿಸಿದ. ಒಳಗೆ ಬಿಳಿ ದಾರಗಳು. ಕವಾಟದ ಎಲೆ ಮೇಲಕ್ಕೆ ಮಗುಚಿಕೊಳ್ಳದಂತೆ ಹಿಡಿಯುವ ದಾರ ಅವು. "ಇವು ಜಗ್ಗಿದ್ರ ಹರಿಯಂಗಿಲ್ರಿ" ಅಂತ ಎಳೆದೂ ತೋರಿಸಿದ. ಫರ್ಸಿಗೆ ವಾಪಸ್ ಹೋಗಿ ಎಡಗೋಡೆಯ ಗೆರೆ ದಪ್ಪ ಮಾಡಿದ್ದು ಮಕ್ಕಳೇ. ದಪ್ಪ ಯಾಕೆ ಅಂದರೆ, ಶ್ವಾಸಕೋಶ ಪಕ್ಕದಲ್ಲೇ, ಸ್ನಾಯು ವರಾಂಡದ ಆ ತುದಿಯಲ್ಲಿ ಅಂದರು. ಒಪ್ಪಿಕೊಂಡೆ, ಜೊತೆಗೆ ದೂರಕ್ಕಿಂತ ದೇಹದ ತುಂಬ ಇರುವ ಸಣ್ಣ ನಾಳಗಳ ತಡೆಯೇ ದೊಡ್ಡದು ಅಂತ ಹೇಳಿದೆ. ಮಾಂಸ ಮುಟ್ಟದ ಮನೆಯ ಮಕ್ಕಳೂ ಇದ್ದಾರೆ. ಅವರು ಹೊರಗೆ ಕೂತು ಫೋನಿನಲ್ಲಿ ತೆಗೆದ ವಿಡಿಯೊ ನೋಡುತ್ತಾರೆ. ಒತ್ತಾಯ ಇಲ್ಲ.

ಅಳತೆಯದೂ ಇಂಥದೇ ಕಥೆ. ಪುಸ್ತಕದಲ್ಲಿ ವೈರಸ್, ಬ್ಯಾಕ್ಟೀರಿಯಾ, ಈರುಳ್ಳಿ ಕೋಶ, ಕೆಂಪು ರಕ್ತಕಣ ಎಲ್ಲವೂ ಒಂದೇ ಸೈಜಿನ ಚಿತ್ರಗಳು. ಹಾಗಾಗಿ ಎಲ್ಲವೂ ಒಂದೇ ಗಾತ್ರ ಅಂತ ತಲೆಯಲ್ಲಿ ಕೂರುತ್ತದೆ. ನಾನು ಒಂದು ತೊಗರಿ ಕಾಳನ್ನು ರಕ್ತಕಣ ಅನ್ನುತ್ತೇನೆ. ಕಾಳು ಸುಮಾರು 7 ಮಿಲಿಮೀಟರ್, ರಕ್ತಕಣ ಸುಮಾರು 7 ಮೈಕ್ರಾನ್. ಸಾವಿರ ಪಟ್ಟು. ಉಳಿದದ್ದನ್ನು ಅವರೇ ಲೆಕ್ಕ ಹಾಕಬೇಕು. ಇ. ಕೋಲಿ ಬ್ಯಾಕ್ಟೀರಿಯಾ 2 ಮಿಲಿಮೀಟರಿನ ರವೆ ಕಾಳು. ಎಚ್‌ಐವಿ ವೈರಸ್ ಒಂದು ಹಾಳೆಯ ದಪ್ಪದಷ್ಟು. ಈರುಳ್ಳಿ ಸಿಪ್ಪೆಯ ಕೋಶ ಒಂದು ಅಡಿ ಸ್ಕೇಲಿನಷ್ಟು ಉದ್ದ. ಕ್ಯಾಪಿಲರಿ, ಅಂದರೆ ಅತಿ ಸಣ್ಣ ರಕ್ತನಾಳ, ಬಾಲ್‌ಪೆನ್ನಿನ ಕೊಳವೆ. ಅದರಲ್ಲಿ ಕಾಳುಗಳು ಒಂದರ ಹಿಂದೆ ಒಂದು ತೂರಬೇಕು. ಅವರೇ ಒಂದೂವರೆ ಕಿಲೋಮೀಟರಿಗೂ ಎತ್ತರ ಆಗುತ್ತಾರೆ ಅಂತ ಗೊತ್ತಾದಾಗ ಕ್ಲಾಸಿನಲ್ಲಿ ಒಂದು ನಿಮಿಷ ಗದ್ದಲ.

ಮೈಕ್ರೋಸ್ಕೋಪಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟಿದೆ. ಸಿಟ್ಟು ಮೈಕ್ರೋಸ್ಕೋಪಿನ ಮೇಲಲ್ಲ, ಪ್ರಾಕ್ಟಿಕಲ್ ರೆಕಾರ್ಡಿನ ಮೇಲೆ. ನಮ್ಮ ಲ್ಯಾಬಿನದು ಕನ್ನಡಿ ಇರುವ ಹಳೆಯ ಮೈಕ್ರೋಸ್ಕೋಪ್. ಕಿಟಕಿ ಬೆಳಕು ಸಾಕು. ಕಣ್ಣಿನ ಮಸೂರ 10, ಕೆಳಗಿನದು 10 ಅಥವಾ 45. ಅಂದರೆ 100 ಪಟ್ಟು, 450 ಪಟ್ಟು. ಈರುಳ್ಳಿ ಸಿಪ್ಪೆಯಲ್ಲಿ ಕೋಶದ ಗೋಡೆ ಕಾಣುತ್ತದೆ, ಅಯೋಡಿನ್ ಹಾಕಿದರೆ ನ್ಯೂಕ್ಲಿಯಸ್ ಕಾಣುತ್ತದೆ. ರೆಕಾರ್ಡಿನಲ್ಲಿ ಮಾತ್ರ ಸ್ಲೈಡಿನಲ್ಲಿ ಕಾಣದ ಮೈಟೊಕಾಂಡ್ರಿಯಾ, ಗಾಲ್ಗಿ ಕಾಯ, ರೈಬೋಸೋಮ್ ಅನ್ನುವ ಕೋಶದೊಳಗಿನ ಸಣ್ಣ ಭಾಗಗಳೆಲ್ಲ ಹಾಜರ್! ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸಿದ್ದು. ಅದಕ್ಕೇ ನನ್ನ ಕ್ಲಾಸಿನಲ್ಲಿ ಎರಡು ಚಿತ್ರ. ರೆಕಾರ್ಡಿಗೆ ಒಂದು, ಅದು ಪರೀಕ್ಷೆಗೆ. ರಫ್ ಬುಕ್ಕಿಗೆ ಒಂದು, ಅದು ಕಣ್ಣಿಗೆ. ಗಾಳಿ ಗುಳ್ಳೆ ಕಂಡರೆ ಗಾಳಿ ಗುಳ್ಳೆ ಬರೆಯಬೇಕು. ದುಂಡಗೆ, ಕಪ್ಪು ದಪ್ಪ ಅಂಚು. ಮೊದಲ ಸಲ ನೋಡುವವರು ಅದನ್ನೇ ಕೋಶ ಅಂದುಕೊಂಡು ಖುಷಿಪಡುತ್ತಾರೆ. ಇಡೀ ಸ್ಲೈಡಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಾಣುವುದು ಅದೊಂದೇ, ಪಾಪ.

ಐಪೀಸಿನ ಮೇಲೆ ಫೋನಿನ ಕ್ಯಾಮೆರಾ ಹಿಡಿದರೆ ಒಬ್ಬರು ಕಂಡದ್ದು ಎಲ್ಲರಿಗೂ ಕಾಣುತ್ತದೆ. ಬಾವಿ ನೀರಿನ ಹೈಡ್ರಿಲ್ಲಾ ಎಲೆ ಇಟ್ಟು ಕಾಯ್ದರೆ ಹಸಿರು ಕ್ಲೋರೋಪ್ಲಾಸ್ಟ್‌ಗಳು ಕೋಶದ ಗೋಡೆಗುಂಟ ಸಾಲಾಗಿ ಸುತ್ತುವುದು ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದವರು ಫೋನ್ ಅಲುಗಾಡುತ್ತಿದೆ ಅಂದುಕೊಳ್ಳುತ್ತಾರೆ. ಸ್ಟ್ಯಾನ್‌ಫರ್ಡಿನಲ್ಲಿರುವ ಮನು ಪ್ರಕಾಶ್ ಮತ್ತು ಅವರ ಜೊತೆಯವರು 2014ರಲ್ಲಿ ಪ್ರಕಟಿಸಿದ ಕಾಗದದ ಮೈಕ್ರೋಸ್ಕೋಪ್, ಫೋಲ್ಡ್‌ಸ್ಕೋಪ್, ಸುಮಾರು 140 ಪಟ್ಟು ತೋರಿಸುತ್ತದೆ. ಜೇಬಿನಲ್ಲಿ ಹೊಲಕ್ಕೆ ಒಯ್ಯಬಹುದು. ಒಳ್ಳೆಯ ಸಾಧನ. ಆದರೆ ಯಾವ ಸಾಧನ ಇದ್ದರೂ ನೋಡುವವನ ತಲೆ ಬೇಕೇ ಬೇಕು. ನರಕೋಶಗಳಿಗೆ ಬಣ್ಣ ಹಾಕುವ ವಿಧಾನ ಕಂಡುಹಿಡಿದವರು ಇಟಲಿಯ ಗಾಲ್ಗಿ. ಅದೇ ವಿಧಾನದಲ್ಲಿ ನೋಡಿ ಚಿತ್ರ ಬರೆದವರು ಸ್ಪೇನಿನ ಕಹಾಲ್. ನರಗಳೆಲ್ಲ ಒಂದಕ್ಕೊಂದು ಬೆಸೆದ ಒಂದೇ ಜಾಲ ಅಂದರು ಗಾಲ್ಗಿ, ಪ್ರತಿ ನರಕೋಶವೂ ಬೇರೆ ಬೇರೆ ಅಂದರು ಕಹಾಲ್. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಕಹಾಲ್ ಹೇಳಿದ್ದು ಸರಿ ಅಂತ ಆಮೇಲೆ ಖಚಿತವಾಯಿತು.

ಬಣ್ಣದ ವಿಷಯ ಇನ್ನೊಂದಿದೆ. ಕಾಂಡದ ಸ್ಲೈಡಿನಲ್ಲಿ ಒಂದು ಭಾಗಕ್ಕೆ ಸಾಫ್ರನಿನ್ ಕೆಂಪು, ಇನ್ನೊಂದಕ್ಕೆ ಫಾಸ್ಟ್ ಗ್ರೀನ್ ಹಸಿರು ಹಾಕುತ್ತಾರೆ. ಒಬ್ಬ ಹುಡುಗ ನೋಡಿ ನೋಡಿ, "ಎಲ್ಲಾ ಒಂದೇ ಅದ ಅಲ್ರಿ ಸರ್" ಅಂದ. ಉಳಿದವರು ನಕ್ಕರು. ಅವನಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಗಂಡಸರಲ್ಲಿ ಸುಮಾರು 8 ಪರ್ಸೆಂಟ್ ಜನಕ್ಕೆ ಹೀಗಿರುತ್ತದೆ ಅಂತ ಸೆಕೆಂಡ್ ಪಿಯು ಜೆನೆಟಿಕ್ಸ್ ಪಾಠದಲ್ಲಿ ನಾವೇ ಹೇಳಿಕೊಡುತ್ತೇವೆ. ಐವತ್ತು ಹುಡುಗರಲ್ಲಿ ನಾಲ್ವರು. ಅದನ್ನೇ ಹೇಳಿಕೊಡುವ ನಮ್ಮ ಚಾರ್ಟ್, ಸ್ಲೈಡ್, ಪಿಪಿಟಿ ಎಲ್ಲವೂ ಕೆಂಪು ಹಸಿರಿನ ಮೇಲೆ ನಿಂತಿವೆ! ಈಗ ನಾವು ಬಣ್ಣದ ಜೊತೆ ಗೆರೆ, ಚುಕ್ಕಿ ಕೂಡ ಹಾಕುತ್ತೇವೆ.

ಇನ್ನು ತೊಗರಿ. ಕಲಬುರಗಿಯಿಂದ ಮಳಖೇಡ ದಾಟಿ ಸೇಡಂಗೆ ಬರುವ ಬಸ್ಸಿನಲ್ಲಿ ಕೂತರೆ ಎರಡೂ ಕಡೆ ಎರೆ ಹೊಲ, ತೊಗರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ. ಇಷ್ಟು ದೊಡ್ಡ ಪ್ರಯೋಗಾಲಯ ಹೊರಗಿರುವಾಗ ಸೂರ್ಯಕಾಂತಿ ಕಾಂಡದ ರೆಡಿಮೇಡ್ ಸ್ಲೈಡ್ ಮಾತ್ರ ಯಾಕೆ ನೋಡಬೇಕು?

ಗಿಡದೊಳಗಿನ ಕ್ಸೈಲಮ್ ನಾಳ ನೀರು ಸಾಗಿಸುತ್ತದೆ ಅನ್ನುವುದು ಎಲ್ಲರಿಗೂ ಬರುವ ವಾಕ್ಯ. ನೆಟೆ ರೋಗದ ಗಿಡ ತನ್ನಿ ಅಂತ ಹೇಳುತ್ತೇನೆ. ಅದೇನು ಅಂತ ಯಾರಿಗೂ ವಿವರಿಸಬೇಕಿಲ್ಲ. 2022ರ ಹಂಗಾಮಿನಲ್ಲಿ ಜಿಲ್ಲೆಯ ತುಂಬ ಕಾಯಿ ಕಟ್ಟುವ ಹೊತ್ತಿಗೆ ತೊಗರಿ ಒಣಗಿದ್ದನ್ನು ಅವರ ಮನೆಯವರೇ ಕಂಡಿದ್ದಾರೆ. "ನೆಲದಾಗ ಹಸಿ ಇತ್ರಿ, ಗಿಡ ಮಾತ್ರ ಒಣಗಿತ್ತು" ಅನ್ನುತ್ತಾರೆ. ಪ್ರಶ್ನೆ ಇಲ್ಲೇ ಇದೆ. ಬೇರಿನ ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುವುದು ಹೇಗೆ?

ಗಿಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟೆ ಇರುತ್ತದೆ. ಸಿಪ್ಪೆ ಸುಲಿದು ಕಾಂಡ ಉದ್ದಕ್ಕೆ ಸೀಳಿದರೆ ಒಳಗೆ ಕಂದು, ಕಪ್ಪು ಗೆರೆಗಳು. ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡುಮ್ ಅನ್ನುವ ಶಿಲೀಂಧ್ರ ಬೇರಿನಿಂದ ಹೊಕ್ಕು ಈ ನಾಳಗಳನ್ನು ಕಟ್ಟಿಹಾಕಿರುತ್ತದೆ. ಪಕ್ಕದಲ್ಲಿ ಒಂದು ಚೆನ್ನಾಗಿರುವ ಗಿಡದ ಟೊಂಗೆಯನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಇಟ್ಟಿರುತ್ತೇವೆ. ಅದನ್ನೂ ಅಡ್ಡಕ್ಕೆ ಕೊಯ್ದರೆ ಕೆಂಪು ಚುಕ್ಕಿ. ರೋಗದ ಗಿಡದಲ್ಲಿ ಅದೇ ಜಾಗದಲ್ಲಿ ಕಪ್ಪು ಚುಕ್ಕಿ. ಎರಡು ತುಂಡು, ಒಂದು ಬ್ಲೇಡ್. ಕ್ಸೈಲಮ್ ಎಲ್ಲಿದೆ, ಏನು ಮಾಡುತ್ತದೆ, ಮಾಡದಿದ್ದರೆ ಏನಾಗುತ್ತದೆ, ಮೂರಕ್ಕೂ ಉತ್ತರ ಅಂಗೈಯಲ್ಲಿ. ಟಿಎಸ್-3ಆರ್ ತಳಿ ಹಾಕಿದ ಹೊಲದಲ್ಲಿ ಯಾಕೆ ಕಡಿಮೆ ಅಂತ ಒಬ್ಬ ಕೇಳಿದ. ಅದು ನೆಟೆ ತಡೆಯುವ ತಳಿ ಅಂತ ಅವರ ಅಪ್ಪ ಹೇಳಿದ್ದರಂತೆ. ಅಲ್ಲಿಂದ ತಳಿ ಸುಧಾರಣೆ ಪಾಠಕ್ಕೆ ಹೋದೆವು, ಪುಟಗಳನ್ನು ಹಾರಿಸಿ.

ಮಳೆಗಾಲದಲ್ಲಾದರೆ ಬೇರಿನ ಗಂಟು. ಎಳೆಯ ತೊಗರಿ ಗಿಡವನ್ನು ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆದರೆ ಬೇರಿಗೆ ಅಂಟಿದ ಸಣ್ಣ ಗಂಟುಗಳು ಉಳಿಯುತ್ತವೆ. ಕಿತ್ತರೆ ಉದುರಿಹೋಗುತ್ತವೆ, ಆತುರ ಮಾಡಬಾರದು. ಒಂದು ಗಂಟನ್ನು ಬ್ಲೇಡಿನಿಂದ ಎರಡು ಮಾಡಿದರೆ ಒಳಗೆ ಗುಲಾಬಿ ಬಣ್ಣ. "ಸರ್, ಗಿಡಕ್ಕ ರಕ್ತ ಅದೇನ್ರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದ್ದು ತಮಾಷೆಗೆ, ಆದರೆ ಬಹಳ ದೂರ ಇಲ್ಲ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್ನಿನದು, ನಮ್ಮ ಹಿಮೋಗ್ಲೋಬಿನ್ನಿನ ಸಂಬಂಧಿ. ಗಂಟಿನೊಳಗಿದ್ದು ಗಾಳಿಯ ಸಾರಜನಕ ಹಿಡಿದು ಕೊಡುವ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ, ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಹಾಗಾಗಿ ಅದನ್ನು ಗಟ್ಟಿಯಾಗಿ ಹಿಡಿದು ಬೇಕಾದಷ್ಟೇ ಬಿಡುವ ಅಣು ಬೇಕು. ಶೇಂಗಾ ಬೀಜ ಹೊತ್ತ ಮಕ್ಕಳಿಗೆ ಮುಂದೆ ಇದನ್ನು ನೆನಪಿಸಿದರೆ ಸಾಕು. ಒಳಗೆ ಬಿಳಿ ಅಥವಾ ಹಸಿರು ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಹೊಲದಲ್ಲೇ ನೋಡಬಹುದು.

2022ರ ಪಠ್ಯ ಕಡಿತದಲ್ಲಿ ಹನ್ನೊಂದನೇ ತರಗತಿಯ ಪುಸ್ತಕದಿಂದ ಗಿಡಗಳಲ್ಲಿ ಸಾಗಾಣಿಕೆ ಮತ್ತು ಖನಿಜ ಪೋಷಣೆ, ಎರಡೂ ಅಧ್ಯಾಯ ಹೋದವು. ತೊಗರಿ ನಾಡಿನಲ್ಲಿ ಬೇರಿನ ಗಂಟಿನ ಆ ಪಾಠ ಈಗ ಪುಸ್ತಕದಲ್ಲಿಲ್ಲ. ನಾನು ಮಾತ್ರ ಬಿಟ್ಟಿಲ್ಲ.

ವಿಡಿಯೊ, ಅನಿಮೇಷನ್ ಬೇಡ ಅಂತ ನಾನು ಹೇಳುವುದಿಲ್ಲ. ಡಿಎನ್‌ಎ ನಕಲಾಗುವುದನ್ನು ಫರ್ಸಿ ಮೇಲೆ ನಡೆದು ತೋರಿಸಲು ಹೋದರೆ ಸಂಜೆಯಾಗುತ್ತದೆ. ಆದರೆ ನಾನು ವಿಡಿಯೊದ ಸದ್ದು ತೆಗೆದುಬಿಡುತ್ತೇನೆ. ಒಬ್ಬರು ಎದ್ದು ನಿಂತು ಕಾಮೆಂಟರಿ ಹೇಳಬೇಕು, ಕನ್ನಡದಲ್ಲೇ. "ಈಗ ಎಡ ವೆಂಟ್ರಿಕಲ್ ಒತ್ತಲಾಕತ್ತದ, ಮ್ಯಾಲಿನ ಕವಾಟ ಮುಚ್ಚ್ಯಾದ..." ಅಂತ ಶುರುವಾಗುತ್ತದೆ. ಎಲ್ಲಿ ಬಾಯಿ ನಿಲ್ಲುತ್ತದೋ ಅಲ್ಲಿ ವಿಡಿಯೊ ನಿಲ್ಲಿಸುತ್ತೇನೆ. ಸದ್ದು ಇದ್ದಾಗ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸುವುದನ್ನು ನಂಬಬಾರದು ಅಂತ ಪ್ರತಿ ಮೇಷ್ಟ್ರಿಗೂ ಗೊತ್ತು.

ಈಗ ಮಕ್ಕಳು ಎಐನಲ್ಲಿ ಮಾಡಿದ ಚಿತ್ರ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನೋಡಲು ಚಂದ, ಒಳಗೆ ಏನೇನೋ. 2024ರ ಫೆಬ್ರುವರಿಯಲ್ಲಿ ಒಂದು ವಿಜ್ಞಾನ ಪತ್ರಿಕೆ ಎಐ ಬರೆದ ಇಲಿಯ ಚಿತ್ರ ಇದ್ದ ಲೇಖನ ಪ್ರಕಟಿಸಿ, ಲೇಬಲ್‌ಗಳಿಗೆ ಅರ್ಥವೇ ಇಲ್ಲ ಅಂತ ಓದುಗರು ಹಿಡಿದ ಮೇಲೆ ವಾಪಸ್ ಪಡೆಯಿತು. ನನಗೆ ಇಂಥ ಚಿತ್ರ ಸಿಕ್ಕರೆ ಖುಷಿ. ಪ್ರಿಂಟ್ ತೆಗೆದು ಹಂಚಿ, ತಪ್ಪು ಹುಡುಕಿ ಅನ್ನುತ್ತೇನೆ. ಸರಿ ಇರುವ ಚಿತ್ರಕ್ಕಿಂತ ಹೆಚ್ಚು ಹೊತ್ತು ಅದರ ಮುಂದೆ ತಲೆ ಬಗ್ಗಿಸಿ ಕೂರುತ್ತಾರೆ.

ಇದಕ್ಕೆಲ್ಲ ಟೈಮ್ ಎಲ್ಲಿದೆ ಅನ್ನುವವರು ಸ್ಟಾಫ್ ರೂಮಿನಲ್ಲೇ ಇದ್ದಾರೆ. ನೀಟ್‌ನಲ್ಲಿ 720ರಲ್ಲಿ 360 ಅಂಕ ಬಯಾಲಜಿಗೆ, 90 ಪ್ರಶ್ನೆ, ನೀವು ಶೇಂಗಾ ಹಂಚುತ್ತಾ ಕೂತಿದ್ದೀರಿ ಅಂತ. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ. ವರ್ಗೀಕರಣದ ಪಾಠ ನಾನೂ ಓಡಿಸಿಯೇ ಮುಗಿಸುತ್ತೇನೆ. ಹೃದಯ, ಕಿಡ್ನಿ, ನರ, ಕಾಂಡದ ಒಳಗು, ಇವುಗಳಿಗೆ ಮಾತ್ರ ಟೈಮ್ ಕೊಡುತ್ತೇನೆ. ಇವು ತಲೆಯಲ್ಲಿ ಓಡಾಡದಿದ್ದರೆ ಉಳಿದದ್ದು ಬರೀ ಹೆಸರುಗಳ ಪಟ್ಟಿ.

ಮುಂದಿನದು ನೆಫ್ರಾನ್, ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ನಳಿಕೆ. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಮಾತ್ರ ಹೊರಗೆ ಬಿಡುವ ಕಿಡ್ನಿಯ ಲೆಕ್ಕವನ್ನು ಹುಣಸೆ ಬೀಜದಲ್ಲಿ ತೋರಿಸಬಹುದು. ಕಷ್ಟ ಇರುವುದು ಆ ನಳಿಕೆ ಕೆಳಗಿಳಿದು ಮತ್ತೆ ಮೇಲೇರುವ ಹೆನ್ಲೆ ಕುಣಿಕೆಯಲ್ಲಿ. ಒಳಗೆ ಇಳಿದಂತೆ ಸುತ್ತಲಿನ ದ್ರವದ ಸಾಂದ್ರತೆ ನಾಲ್ಕು ಪಟ್ಟಾಗುತ್ತದೆ ಅಂತ ಫರ್ಸಿ ಮೇಲೆ ಹೇಗೆ ಬರೆಯುವುದು? ನಿಜವಾದ ಉಪ್ಪು ಚೆಲ್ಲೋಣ ಅಂದ ಒಬ್ಬ. ತೊಳೆಯುವವರು ಯಾರು ಅಂತ ಅಟೆಂಡರ್ ಅಲ್ಲಿಂದಲೇ ಕೂಗಿದರು. ರಂಗೋಲಿ ಪುಡಿ ಹಾಕೋಣ, ಮೇಲೆ ತೆಳ್ಳಗೆ, ಕೆಳಗೆ ಇಳಿದಂತೆ ದಟ್ಟವಾಗಿ ಅಂದಳು ಒಬ್ಬ ಹುಡುಗಿ. ಅದು ಸರಿಯಾದ ಉಪಾಯ. ಪುಡಿ ಯಾರ ಮನೆಯಿಂದ ಬರಬೇಕು ಅನ್ನುವ ಜಗಳ ಮಾತ್ರ ಇನ್ನೂ ನಡೆದಿದೆ.